ಮಲೇರಿಯಾ ಮದ್ದು ಮತ್ತು ರಕ್ತದ ಸಕ್ಕರೆ



ಮಲೇರಿಯಾ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಸೊಳ್ಳೆ, ಚಳಿ, ನಡುಕ ಮತ್ತು ಕಹಿ ಮಾತ್ರೆ. ರಕ್ತದ ಸಕ್ಕರೆ ಎಂದೊಡನೆ ನೆನಪಾಗುವುದು ಮಧುಮೇಹ. ಒಂದು ಸೊಳ್ಳೆಯಿಂದ ಬರುವ ಜ್ವರ, ಇನ್ನೊಂದು ಮನೆಮನೆಯ ಹಿರಿಯರನ್ನು ಕಾಡುವ ಕಾಯಿಲೆ. ಇವೆರಡಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ತೀವ್ರ ಮಲೇರಿಯಾದಲ್ಲಿ ಅದು ಜೀವಕ್ಕೇ ಸಂಬಂಧಿಸಿದ ವಿಷಯ. ಅದನ್ನು ಕುರಿತು ಇಂದು ನಿಮ್ಮೊಡನೆ ಕೆಲವು ಮಾತುಗಳನ್ನು ಹಂಚಿಕೊಳ್ಳುತ್ತೇನೆ.

ಮೊದಲು ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಿ. ತೀವ್ರ ಮಲೇರಿಯಾದಿಂದ ನರಳುತ್ತಿರುವ ಗರ್ಭಿಣಿಯೊಬ್ಬಳನ್ನು ಆಸ್ಪತ್ರೆಗೆ ಸೇರಿಸಿದ್ದಾರೆ. ರಕ್ತನಾಳದ ಮೂಲಕ ಕ್ವಿನೈನ್ ಔಷಧ ಹನಿಹನಿಯಾಗಿ ಒಳಹೋಗುತ್ತಿದೆ. ಮರುದಿನ ಜ್ವರ ಇಳಿಯುತ್ತದೆ. ಮೈ ಬೆವರುತ್ತದೆ. ಜ್ವರ ಬಿಟ್ಟಿತು ಎಂದು ಮನೆಯವರು ಸಮಾಧಾನದ ಉಸಿರು ಬಿಡುತ್ತಾರೆ. ಆದರೆ ಸ್ವಲ್ಪ ಹೊತ್ತಿನಲ್ಲೇ ಆಕೆಯ ಮಾತು ತಡವರಿಸುತ್ತದೆ, ಎದೆಬಡಿತ ಏರುತ್ತದೆ, ಕೈ ನಡುಗುತ್ತದೆ, ಎಚ್ಚರ ತಪ್ಪುತ್ತದೆ. ಸುತ್ತ ನಿಂತವರು ಜ್ವರ ನೆತ್ತಿಗೇರಿತು ಎಂದುಕೊಳ್ಳುತ್ತಾರೆ. ಅದು ನಿಜವೂ ಇರಬಹುದು. ರೋಗ ಮೆದುಳಿನ ನಾಳಗಳಿಗೆ ಏರಿದ್ದರೆ ಹೀಗಾಗುವುದುಂಟು. ಆದರೆ ಇದಕ್ಕೆ ಇನ್ನೊಂದು ಕಾರಣವೂ ಇರಬಹುದು. ಅವಳ ರಕ್ತದಲ್ಲಿನ ಗ್ಲೂಕೋಸ್ ಅಪಾಯದ ಮಟ್ಟಕ್ಕೆ ಕುಸಿದಿರಬಹುದು.

ದೂರದರ್ಶನ ಕಾರ್ಯಕ್ರಮ ತಯಾರಿಸುವವನಾಗಿ ಕ್ಯಾಮೆರಾದ ಮಿತಿ ಏನೆಂಬುದು ನನಗೆ ಗೊತ್ತು. ಇಬ್ಬರು ರೋಗಿಗಳನ್ನು ಅಕ್ಕಪಕ್ಕದಲ್ಲಿ ಮಲಗಿಸಿ ಚಿತ್ರೀಕರಿಸಿದರೆ, ಯಾರ ಎಚ್ಚರ ರೋಗದಿಂದ ತಪ್ಪಿದೆ, ಯಾರದು ಸಕ್ಕರೆ ಇಳಿದು ತಪ್ಪಿದೆ ಎಂಬುದನ್ನು ತೆರೆಯ ಮೇಲೆ ತೋರಿಸಲು ಸಾಧ್ಯವಿಲ್ಲ. ಇಬ್ಬರ ಮುಖವೂ ಒಂದೇ ಬಗೆ, ಇಬ್ಬರ ಹಣೆಯ ಮೇಲೂ ಬೆವರು. ಅನುಭವಿ ವೈದ್ಯರ ಕಣ್ಣಿಗೂ ಅದು ಸುಲಭವಲ್ಲ. ಆದರೆ ಬೆರಳ ತುದಿಯಿಂದ ತೆಗೆದ ಒಂದು ಹನಿ ರಕ್ತ ಒಂದು ನಿಮಿಷದೊಳಗೆ ಉತ್ತರ ಹೇಳುತ್ತದೆ. ಆ ಒಂದು ಹನಿಯನ್ನು ಏಕೆ ಮರೆಯಬಾರದು ಎಂಬುದೇ ಈ ಭಾಷಣದ ತಿರುಳು.

ನಮ್ಮ ದೇಹದ ಸಕ್ಕರೆಯ ಲೆಕ್ಕಾಚಾರದಿಂದ ಆರಂಭಿಸೋಣ. ಆರೋಗ್ಯವಂತ ವ್ಯಕ್ತಿ ಊಟ ಮಾಡದೆ ಇರುವಾಗ ಪ್ರತಿ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 70ರಿಂದ 100 ಮಿಲಿಗ್ರಾಂ ಗ್ಲೂಕೋಸ್ ಇರುತ್ತದೆ. ವಯಸ್ಕನ ದೇಹದಲ್ಲಿ ಇರುವ ರಕ್ತ ಸುಮಾರು 5 ಲೀಟರ್. ಗುಣಿಸಿ ನೋಡಿ. ಇಡೀ ರಕ್ತದಲ್ಲಿ ಯಾವುದೇ ಕ್ಷಣದಲ್ಲಿ ಇರುವ ಗ್ಲೂಕೋಸ್ ನಾಲ್ಕೈದು ಗ್ರಾಂ ಮಾತ್ರ. ಅಂದರೆ ಚಹಾಕ್ಕೆ ಹಾಕುವ ಒಂದು ಚಮಚ ಸಕ್ಕರೆಯಷ್ಟು!

ಇನ್ನು ಖರ್ಚಿನ ಕಡೆ ನೋಡೋಣ. ಮೆದುಳು ದೇಹದ ತೂಕದಲ್ಲಿ ನೂರಕ್ಕೆ ಎರಡು ಭಾಗದಷ್ಟೇ ಇದ್ದರೂ, ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗವನ್ನು ಅದೊಂದೇ ಬಳಸುತ್ತದೆ. ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಅದಕ್ಕೆ ಬೇಕು. ಗಂಟೆಗೆ 5 ಗ್ರಾಂ ಎಂದಾಯಿತು. ಹೀಗಾಗಿ ರಕ್ತದಲ್ಲಿರುವ ಸಕ್ಕರೆ ಮೆದುಳೊಂದಕ್ಕೇ ಸುಮಾರು ಒಂದು ಗಂಟೆಗೆ ಸಾಕಾಗುವಷ್ಟು. ಮೆದುಳಿಗೆ ಸಕ್ಕರೆಯನ್ನು ಕೂಡಿಟ್ಟುಕೊಳ್ಳುವ ಕಣಜವೂ ಇಲ್ಲವೆಂದೇ ಹೇಳಬೇಕು. ದಿನಗೂಲಿಯವನ ಸಂಸಾರದಂತೆ, ಅಂದಂದಿನದು ಅಂದಂದಿಗೆ.

ಹಾಗಾದರೆ ರಾತ್ರಿ ಮಲಗಿದಾಗ ನಮಗೆ ಎಚ್ಚರ ತಪ್ಪುವುದಿಲ್ಲವೇಕೆ? ಅದಕ್ಕೆ ಕಾರಣ ಯಕೃತ್ತು. ಊಟವಾದ ಮೇಲೆ ಹೆಚ್ಚಾದ ಗ್ಲೂಕೋಸನ್ನು ಯಕೃತ್ತು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ರಕ್ತದಲ್ಲಿ ಸಕ್ಕರೆ ಇಳಿಯತೊಡಗಿದಾಗ ಅದನ್ನು ಒಡೆದು ಬಿಡುಗಡೆ ಮಾಡುತ್ತದೆ. ಆ ದಾಸ್ತಾನು ಮುಗಿದರೆ ಲ್ಯಾಕ್ಟಿಕ್ ಆಮ್ಲ, ಅಮೈನೋ ಆಮ್ಲ ಮತ್ತು ಗ್ಲಿಸರಾಲ್‌ಗಳಿಂದ ಹೊಸದಾಗಿ ಗ್ಲೂಕೋಸ್ ತಯಾರಿಸುತ್ತದೆ. ಈ ವ್ಯವಹಾರವನ್ನು ನಿಯಂತ್ರಿಸುವುದು ಮೇದೋಜೀರಕ ಗ್ರಂಥಿ. ಅದು ಸ್ರವಿಸುವ ಇನ್ಸುಲಿನ್ ಸಕ್ಕರೆಯನ್ನು ಇಳಿಸುತ್ತದೆ, ಗ್ಲೂಕಗಾನ್ ಏರಿಸುತ್ತದೆ. ಆರೋಗ್ಯವಂತರಲ್ಲಿ ಇವೆರಡೂ ತಕ್ಕಡಿಯ ಎರಡು ತಟ್ಟೆಗಳಂತೆ ಸಮತೋಲನದಲ್ಲಿರುತ್ತವೆ.

ಈಗ ಈ ಸಂಸಾರಕ್ಕೆ ಮಲೇರಿಯಾ ಎಂಬ ಕರೆಯದ ಅತಿಥಿ ಬಂದಿತೆನ್ನಿ. ಮಲೇರಿಯಾ ಪರೋಪಜೀವಿಗಳಲ್ಲಿ ಹಲವು ಬಗೆಗಳಿವೆ. ಪ್ರಾಣಾಪಾಯಕ್ಕೆ ಹೆಚ್ಚಾಗಿ ಕಾರಣವಾಗುವುದು ಫಾಲ್ಸಿಪೇರಮ್ ಎಂಬ ಬಗೆ. ಅದು ಕೆಂಪು ರಕ್ತಕಣಗಳೊಳಗೆ ಮನೆ ಮಾಡಿಕೊಂಡು ಬೆಳೆಯುತ್ತದೆ. ಅಲ್ಲಿ ಅದು ಶಕ್ತಿಗಾಗಿ ನೆಚ್ಚಿಕೊಂಡಿರುವುದು ನಮ್ಮ ರಕ್ತದ ಗ್ಲೂಕೋಸನ್ನೇ. ನಮ್ಮ ಜೀವಕೋಶಗಳು ಆಮ್ಲಜನಕದ ನೆರವಿನಿಂದ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ ಅಣುಗಳನ್ನು ಪಡೆಯುತ್ತವೆ. ರಕ್ತಕಣದೊಳಗಿನ ಪರೋಪಜೀವಿ ಗ್ಲೂಕೋಸನ್ನು ಅರ್ಧಕ್ಕೇ ಒಡೆದು, ಬಹುಮಟ್ಟಿಗೆ ಎರಡು ಎಟಿಪಿಗಳಲ್ಲೇ ತೃಪ್ತಿಪಟ್ಟು, ಉಳಿದದ್ದನ್ನು ಲ್ಯಾಕ್ಟಿಕ್ ಆಮ್ಲವಾಗಿ ಹೊರಹಾಕುತ್ತದೆ. ಹೀಗೆ ದುಂದು ಮಾಡುವುದರಿಂದ, ಸೋಂಕು ತಗಲಿದ ರಕ್ತಕಣ ಸಾಮಾನ್ಯ ರಕ್ತಕಣಕ್ಕಿಂತ ಹತ್ತಾರು ಪಟ್ಟು ಹೆಚ್ಚು ಗ್ಲೂಕೋಸನ್ನು ಕಬಳಿಸುತ್ತದೆ.

ಇದರ ಜೊತೆಗೆ ರೋಗಿಯ ಬಾಯಿಗೆ ರುಚಿಯಿಲ್ಲ, ಊಟವಿಲ್ಲ, ವಾಂತಿ ಬೇರೆ. ಜ್ವರದಿಂದ ದೇಹದ ಖರ್ಚು ಹೆಚ್ಚು. ಯಕೃತ್ತಿನ ದಾಸ್ತಾನು ಬೇಗ ಬರಿದಾಗುತ್ತದೆ. ಹೊಸ ಗ್ಲೂಕೋಸ್ ತಯಾರಿಸುವ ಕೆಲಸವೂ ತೀವ್ರ ರೋಗದಲ್ಲಿ ಕುಂಠಿತವಾಗುತ್ತದೆ. ಆದ್ದರಿಂದ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ಔಷಧ ಕೊಡುವ ಮುನ್ನವೇ, ರೋಗದಿಂದಲೇ ಸಕ್ಕರೆ ಕುಸಿಯಬಹುದು. ಔಷಧದ ಪಾತ್ರ ಅದರ ಮೇಲಿನದು.

ಆ ಔಷಧವೇ ಕ್ವಿನೈನ್. ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆಯಿಂದ 1820ರಲ್ಲಿ ಪೆಲೆಟಿಯೆ ಮತ್ತು ಕವಾಂಟೂ ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಅದನ್ನು ಬೇರ್ಪಡಿಸಿದರು. ಅಂದಿನಿಂದ ಅದು ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ. ಅದನ್ನು ಸೇವಿಸಿದವರಿಗೆ ಕಿವಿಯಲ್ಲಿ ಗುಂಯ್‌ಗುಡುವುದು, ತಲೆ ಸುತ್ತುವುದು ಹಿಂದಿನಿಂದಲೂ ಎಲ್ಲರಿಗೂ ತಿಳಿದಿದ್ದ ತೊಂದರೆಗಳು. ಆದರೆ ಅದು ಮೇದೋಜೀರಕ ಗ್ರಂಥಿಯ ಮೇಲೆ ಮಾಡುವ ಪರಿಣಾಮ ಬಹುಕಾಲ ಕಣ್ಣಿಗೆ ಬೀಳಲಿಲ್ಲ.

ಆ ಪರಿಣಾಮವನ್ನು ಕಾಲೇಜು ವಿದ್ಯಾರ್ಥಿಗಳಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಹೊರಪೊರೆಯಲ್ಲಿ ಪೊಟ್ಯಾಸಿಯಂ ಅಯಾನುಗಳು ಹೊರಹೋಗುವ ಸೂಕ್ಷ್ಮ ದ್ವಾರಗಳಿವೆ. ನಾವು ಊಟ ಮಾಡಿದಾಗ ಕೋಶದೊಳಗೆ ಗ್ಲೂಕೋಸ್ ಹೆಚ್ಚುತ್ತದೆ, ಅದರಿಂದ ಎಟಿಪಿ ಹೆಚ್ಚುತ್ತದೆ. ಎಟಿಪಿ ಹೆಚ್ಚಿದಾಗ ಈ ದ್ವಾರಗಳು ಮುಚ್ಚಿಕೊಳ್ಳುತ್ತವೆ. ಪೊರೆಯ ವಿದ್ಯುತ್ ಸ್ಥಿತಿ ಬದಲಾಗಿ, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಕೂಡಲೇ ಕೋಶವು ಇನ್ಸುಲಿನ್ನನ್ನು ರಕ್ತಕ್ಕೆ ಬಿಡುತ್ತದೆ. ಇದು ಸಹಜವಾದ ಕ್ರಮ. ಕ್ವಿನೈನ್ ಮಾಡುವುದೇನೆಂದರೆ, ಗ್ಲೂಕೋಸ್ ಹೆಚ್ಚದಿದ್ದರೂ ಆ ಪೊಟ್ಯಾಸಿಯಂ ದ್ವಾರಗಳನ್ನು ಮುಚ್ಚುತ್ತದೆ. ಗ್ರಂಥಿಗೆ ಊಟ ಬಂದಿದೆಯೆಂಬ ಸುಳ್ಳು ಸುದ್ದಿ ಮುಟ್ಟುತ್ತದೆ. ಒಲೆಯೇ ಹೊತ್ತದ ಮನೆಯಲ್ಲಿ ಊಟದ ಗಂಟೆ ಬಾರಿಸಿದಂತೆ! ಇನ್ಸುಲಿನ್ ಹೊರಬರುತ್ತದೆ, ಇದ್ದಬದ್ದ ಸಕ್ಕರೆಯನ್ನು ಸ್ನಾಯುಗಳ ಕಡೆಗೆ ಅಟ್ಟುತ್ತದೆ, ಯಕೃತ್ತಿಗೆ ಬಿಡುಗಡೆ ನಿಲ್ಲಿಸು ಎನ್ನುತ್ತದೆ. ಮೊದಲೇ ಬಡವಾಗಿದ್ದ ರಕ್ತ ಇನ್ನಷ್ಟು ಬಡವಾಗುತ್ತದೆ.

ಸಕ್ಕರೆ ಕಾಯಿಲೆಯವರಿಗೆ ಕೊಡುವ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮೊದಲಾದ ಮಾತ್ರೆಗಳೂ ಇದೇ ದ್ವಾರವನ್ನೇ ಮುಚ್ಚುತ್ತವೆ. ನಿಮ್ಮ ಮನೆಯಲ್ಲಿ ಇಂಥ ಮಾತ್ರೆ ನುಂಗುವ ಅಜ್ಜ, ಅಜ್ಜಿ ಇದ್ದು, ಅವರಿಗೆ ಮಲೇರಿಯಾ ಬಂದು ಊಟ ಬಿಟ್ಟರೆ, ಈ ಮಾತ್ರೆಯ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಕ್ವಿನೈನ್ ಮತ್ತು ಇನ್ಸುಲಿನ್‌ಗಳ ಈ ನಂಟು ಸ್ಪಷ್ಟವಾಗಿ ಬೆಳಕಿಗೆ ಬಂದದ್ದು 1983ರಲ್ಲಿ. ಥಾಯ್ಲೆಂಡಿನಲ್ಲಿ ಮಲೇರಿಯಾ ರೋಗಿಗಳ ನಡುವೆ ಕೆಲಸ ಮಾಡುತ್ತಿದ್ದ ನಿಕೋಲಸ್ ವೈಟ್, ಡೇವಿಡ್ ವಾರೆಲ್ ಮತ್ತು ಅವರ ಥಾಯ್ ಸಹೋದ್ಯೋಗಿಗಳು ಫಾಲ್ಸಿಪೇರಮ್ ರೋಗಿಗಳಲ್ಲಿ ಸಕ್ಕರೆ ತೀವ್ರವಾಗಿ ಕುಸಿದಿದ್ದನ್ನು ಗಮನಿಸಿದರು. ಸಾಮಾನ್ಯವಾಗಿ ಸಕ್ಕರೆ ಇಳಿದಾಗ ಇನ್ಸುಲಿನ್ ಕೂಡ ಇಳಿಯಬೇಕು. ಇವರಲ್ಲಿ ಹಾಗಾಗಿರಲಿಲ್ಲ, ಇನ್ಸುಲಿನ್ ಇರಬಾರದಷ್ಟು ಏರಿತ್ತು. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಅವರು ಇದನ್ನು ಪ್ರಕಟಿಸಿದರು. 1820ರಿಂದ 1983ರವರೆಗೆ ಲೆಕ್ಕ ಹಾಕಿ, 163 ವರ್ಷ! ಇಷ್ಟು ಕಾಲ ಬೇಕಾಯಿತೇಕೆ? ರೋಗಿಗೆ ಎಚ್ಚರ ತಪ್ಪಿದರೆ ಅದಕ್ಕೆ ಕಾರಣ ಮಲೇರಿಯಾ ಎಂಬ ಸಿದ್ಧ ಉತ್ತರವೊಂದು ಎಲ್ಲರ ಕೈಯಲ್ಲಿತ್ತು. ಉತ್ತರ ಸಿಕ್ಕಿದೆ ಎಂದು ನಂಬಿದವರು ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತಾರೆ. ವಿಜ್ಞಾನದ ವಿದ್ಯಾರ್ಥಿಗಳಾದ ನೀವು ಇದನ್ನು ನೆನಪಿನಲ್ಲಿಡಬೇಕು.

ಗರ್ಭಿಣಿಯರ ವಿಷಯದಲ್ಲಿ ಈ ಅಧ್ಯಯನಗಳು ಕಲಿಸಿದ ಪಾಠ ಇನ್ನೂ ದೊಡ್ಡದು. ಕ್ವಿನೈನ್ ಕೊಟ್ಟರೆ ಗರ್ಭಪಾತವಾದೀತು, ಅಕಾಲದಲ್ಲಿ ಹೆರಿಗೆ ನೋವು ಬಂದೀತು ಎಂಬ ಹೆದರಿಕೆ ಹಿಂದೆ ವೈದ್ಯರಲ್ಲೂ ಇತ್ತು. ಆ ಹೆದರಿಕೆಯಿಂದ ಔಷಧವನ್ನು ತಡೆಹಿಡಿದರೆ ತಾಯಿಯ ಜೀವಕ್ಕೇ ಸಂಚಕಾರ. ಥಾಯ್ಲೆಂಡಿನ ತಂಡ ತುಂಬು ಗರ್ಭಿಣಿಯರನ್ನು ಗಮನವಿಟ್ಟು ನೋಡಿ 1985ರಲ್ಲಿ ವರದಿ ಮಾಡಿತು. ಅದರ ಪ್ರಕಾರ ಭಯಪಡಬೇಕಾದದ್ದು ಗರ್ಭಕೋಶದ ಮೇಲಿನ ಪರಿಣಾಮಕ್ಕಲ್ಲ, ಇನ್ಸುಲಿನ್ ಏರಿ ಸಕ್ಕರೆ ಕುಸಿಯುವುದಕ್ಕೆ. ತಾಯಿಯ ಸಕ್ಕರೆ ಕುಸಿದರೆ ಹೊಟ್ಟೆಯಲ್ಲಿರುವ ಮಗುವೂ ಸಂಕಟಕ್ಕೆ ಸಿಲುಕುತ್ತದೆ. ಗರ್ಭಿಣಿಯರಲ್ಲಿ ಬೀಟಾ ಕೋಶಗಳು ಮೊದಲೇ ಚುರುಕಾಗಿರುವುದರಿಂದ ಅವರಿಗೆ ಈ ಅಪಾಯ ಹೆಚ್ಚು.

ಮರುವರ್ಷ, ಅಂದರೆ 1986ರಲ್ಲಿ, ಅದೇ ಸಂಶೋಧಕರ ಬಳಗ ಇನ್ನೊಂದು ಸಾಕ್ಷ್ಯ ಒದಗಿಸಿತು. ಇನ್ಸುಲಿನ್ ಸ್ರಾವವನ್ನು ತಡೆಯುವ, ಸೊಮ್ಯಾಟೋಸ್ಟ್ಯಾಟಿನ್‌ನಂಥ ಒಂದು ಕೃತಕ ಔಷಧವನ್ನು ಕೊಟ್ಟು, ಕ್ವಿನೈನ್‌ನಿಂದ ಏರಿದ ಇನ್ಸುಲಿನ್ನನ್ನು ಅದರಿಂದ ತಗ್ಗಿಸಬಹುದೆಂದು ತೋರಿಸಿತು. ಕಾರಣವನ್ನು ತಡೆದರೆ ಪರಿಣಾಮವೂ ತಗ್ಗಬೇಕು ಎಂಬುದು ವಿಜ್ಞಾನದ ಒರೆಗಲ್ಲು. ಇಲ್ಲಿ ಆ ಒರೆಗಲ್ಲಿಗೆ ಹಚ್ಚಿ ನೋಡಿದಂತಾಯಿತು.

ಹಾಗೆಂದು ಎಲ್ಲ ತಪ್ಪನ್ನೂ ಕ್ವಿನೈನ್ ಮೇಲೆ ಹೊರಿಸುವಂತಿಲ್ಲ. ಆಫ್ರಿಕದ ಮಲಾವಿ ದೇಶದಲ್ಲಿ ತೀವ್ರ ಮಲೇರಿಯಾದ ಮಕ್ಕಳನ್ನು ಪರೀಕ್ಷಿಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಕಥೆ ಹೇಳಿತು. ಅಲ್ಲಿ ಸುಮಾರು ಐವರಲ್ಲಿ ಒಂದು ಮಗುವಿಗೆ ಆಸ್ಪತ್ರೆಗೆ ಬಂದಾಗಲೇ, ಕ್ವಿನೈನ್ ಇನ್ನೂ ಕೊಡದಿರುವಾಗಲೇ, ಸಕ್ಕರೆ ಕುಸಿದಿತ್ತು. ಅವರ ಇನ್ಸುಲಿನ್ ಏರಿರಲಿಲ್ಲ, ಇರಬೇಕಾದಂತೆ ಕಡಿಮೆಯೇ ಇತ್ತು. ಯಕೃತ್ತು ಬೇಕಾದಷ್ಟು ಗ್ಲೂಕೋಸ್ ಪೂರೈಸಲಾರದೆ ಸೋತಿತ್ತು. ಹೀಗೆ ಸಕ್ಕರೆ ಕುಸಿದು ಬಂದ ಮಕ್ಕಳಲ್ಲಿ ಸಾವು ಇತರ ಮಕ್ಕಳಿಗಿಂತ ಬಹಳ ಹೆಚ್ಚಾಗಿತ್ತು. ಮಕ್ಕಳ ದೇಹದ ದಾಸ್ತಾನು ಚಿಕ್ಕದು, ಮೆದುಳಿನ ಬೇಡಿಕೆ ದೊಡ್ಡದು. ಆದ್ದರಿಂದ ಅವರಲ್ಲಿ ರೋಗವೇ ಮೊದಲ ಅಪರಾಧಿ.

ಈಗ ಪರೀಕ್ಷೆಯ ಮಾತಿಗೆ ಬರೋಣ. ತೀವ್ರ ಮಲೇರಿಯಾದಲ್ಲಿ ಸಕ್ಕರೆ ಡೆಸಿಲೀಟರಿಗೆ 40 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದನ್ನು ಅಪಾಯದ ಕುಸಿತವೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಪರಿಗಣಿಸುತ್ತದೆ. ಗ್ಲೂಕೋಮೀಟರ್ ಎಂಬ ಪುಟ್ಟ ಯಂತ್ರವನ್ನು ನೀವು ನೋಡಿರಬಹುದು. ಅದರ ಪಟ್ಟಿಯ ಮೇಲೆ ಗ್ಲೂಕೋಸಿನೊಡನೆ ಮಾತ್ರ ವರ್ತಿಸುವ ಒಂದು ಕಿಣ್ವವನ್ನು ಲೇಪಿಸಿರುತ್ತಾರೆ. ರಕ್ತದ ಹನಿ ತಗಲಿದಾಗ ಗ್ಲೂಕೋಸ್ ಉತ್ಕರ್ಷಣಗೊಂಡು ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ, ಅತಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಗ್ಲೂಕೋಸ್ ಹೆಚ್ಚಿದ್ದಷ್ಟೂ ಪ್ರವಾಹ ಹೆಚ್ಚು. ಯಂತ್ರ ಅದನ್ನು ಅಳೆದು ಅಂಕಿಯಾಗಿ ತೋರಿಸುತ್ತದೆ. ನಿಮ್ಮ ಪಠ್ಯದ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರಗಳೆಲ್ಲ ಆ ಒಂದು ಪಟ್ಟಿಯಲ್ಲಿ ಒಟ್ಟಾಗಿ ದುಡಿಯುತ್ತಿವೆ.

ಪರೀಕ್ಷೆ ಏಕೆ ಅಷ್ಟು ಮುಖ್ಯವೆಂದರೆ, ಮಲೇರಿಯಾದ ಲಕ್ಷಣಗಳೇ ಸಕ್ಕರೆ ಕುಸಿತದ ಲಕ್ಷಣಗಳನ್ನು ಮರೆಮಾಚುತ್ತವೆ. ಚಳಿ, ಜ್ವರ, ಬೆವರು ಎಂಬುದು ಮಲೇರಿಯಾದ ಮೂರು ಹಂತ. ಬೆವರು, ನಡುಕ, ಎದೆಬಡಿತ, ಗಲಿಬಿಲಿ, ಸೆಳವು, ಎಚ್ಚರ ತಪ್ಪುವುದು ಸಕ್ಕರೆ ಕುಸಿತದ ಲಕ್ಷಣಗಳು. ಒಂದರ ವೇಷದಲ್ಲಿ ಇನ್ನೊಂದು ಬಂದರೆ ಗುರುತಿಸುವುದು ಹೇಗೆ? ಅದಕ್ಕಾಗಿಯೇ ತೀವ್ರ ಮಲೇರಿಯಾ ರೋಗಿಯ ಸಕ್ಕರೆಯನ್ನು ಬಂದ ಕೂಡಲೇ ನೋಡಬೇಕು. ಎಚ್ಚರವಿಲ್ಲದವರಲ್ಲಿ ಕೆಲವು ಗಂಟೆಗಳಿಗೊಮ್ಮೆ ಮತ್ತೆ ನೋಡಬೇಕು. ಎಚ್ಚರದ ಸ್ಥಿತಿ ಇದ್ದಕ್ಕಿದ್ದಂತೆ ಹದಗೆಟ್ಟರೆ ತಕ್ಷಣ ನೋಡಬೇಕು.

ಕುಸಿದದ್ದು ಖಚಿತವಾದರೆ ವೈದ್ಯರು ರಕ್ತನಾಳದ ಮೂಲಕ ಗ್ಲೂಕೋಸ್ ದ್ರಾವಣ ಕೊಡುತ್ತಾರೆ. ಬೇಗ ಗುರುತಿಸಿದ್ದಲ್ಲಿ ರೋಗಿ ಹಾಸಿಗೆಯ ಮೇಲೆಯೇ ಕಣ್ಣು ತೆರೆದು ಮಾತಾಡುವುದುಂಟು. ಆದರೆ ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಕ್ವಿನೈನ್ ಇನ್ನೂ ರಕ್ತದಲ್ಲಿದೆ. ಕೊಟ್ಟ ಗ್ಲೂಕೋಸ್ ಕೂಡ ಗ್ರಂಥಿಯನ್ನು ಕೆರಳಿಸಿ ಇನ್ನಷ್ಟು ಇನ್ಸುಲಿನ್ ಹೊರಡಿಸಬಹುದು. ಆಗ ಸಕ್ಕರೆ ಮತ್ತೆ ಕುಸಿಯುತ್ತದೆ. ಆದ್ದರಿಂದ ಒಮ್ಮೆ ಕೊಟ್ಟು ಕೈ ತೊಳೆದುಕೊಳ್ಳುವಂತಿಲ್ಲ, ದ್ರಾವಣವನ್ನು ಮುಂದುವರಿಸಿ ಮತ್ತೆ ಮತ್ತೆ ಅಳೆಯಬೇಕು. ಕ್ವಿನೈನನ್ನು ರಕ್ತನಾಳಕ್ಕೆ ಒಮ್ಮೆಲೇ ಚುಚ್ಚದೆ ಗಂಟೆಗಟ್ಟಲೆ ನಿಧಾನವಾಗಿ ಹನಿಸುವುದು ಕಡ್ಡಾಯ. ವೇಗವಾಗಿ ಕೊಟ್ಟರೆ ರಕ್ತದೊತ್ತಡ ಕುಸಿದು ಹೃದಯಕ್ಕೂ ಅಪಾಯ.

ಇಂದು ಚಿತ್ರ ಬಹಳಷ್ಟು ಬದಲಾಗಿದೆ. ಚೀನಾದ ವಿಜ್ಞಾನಿ ತು ಯುಯು ಮತ್ತು ಸಂಗಡಿಗರು 1970ರ ದಶಕದ ಆರಂಭದಲ್ಲಿ ಅಲ್ಲಿನ ಒಂದು ಸಾಂಪ್ರದಾಯಿಕ ಮೂಲಿಕೆಯಿಂದ ಆರ್ಟೆಮಿಸಿನಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದಕ್ಕಾಗಿ 2015ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಅದರಿಂದ ರೂಪಿಸಿದ ಆರ್ಟಿಸುನೇಟ್ ಚುಚ್ಚುಮದ್ದನ್ನು ಕ್ವಿನೈನ್ ಜೊತೆ ಹೋಲಿಸಿ ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2005ರಲ್ಲಿ ಬಂದಿತು. ಭಾರತ, ಬಾಂಗ್ಲಾದೇಶ, ಮ್ಯಾನ್ಮಾರ್, ಇಂಡೋನೇಷ್ಯಾಗಳ 1461 ರೋಗಿಗಳು ಅದರಲ್ಲಿದ್ದರು. ನಮ್ಮ ದೇಶದ ರೋಗಿಗಳು ಒಡಿಶಾದ ರೂರ್ಕೆಲಾದವರು. ಕ್ವಿನೈನ್ ಪಡೆದವರಲ್ಲಿ ನೂರಕ್ಕೆ 22 ಮಂದಿ ತೀರಿಕೊಂಡರೆ, ಆರ್ಟಿಸುನೇಟ್ ಪಡೆದವರಲ್ಲಿ ನೂರಕ್ಕೆ 15 ಮಂದಿ ತೀರಿಕೊಂಡರು. ಸಕ್ಕರೆ ಕುಸಿತವೂ ಆರ್ಟಿಸುನೇಟ್ ಪಡೆದವರಲ್ಲಿ ಕಡಿಮೆಯಾಗಿತ್ತು. 2010ರಲ್ಲಿ ಆಫ್ರಿಕದ 5425 ಮಕ್ಕಳ ಮೇಲಿನ ಅಧ್ಯಯನವೂ ಆರ್ಟಿಸುನೇಟ್ ಮೇಲೆಂದು ತೋರಿಸಿತು. ಈಗ ತೀವ್ರ ಮಲೇರಿಯಾಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮೊದಲು ಸೂಚಿಸುವುದು ಆರ್ಟಿಸುನೇಟನ್ನೇ. ಅದು ಸಿಗದ ಕಡೆ ಕ್ವಿನೈನ್ ಇಂದಿಗೂ ಕೈಹಿಡಿಯುತ್ತದೆ.

ಹಾಗಾದರೆ ಇನ್ನು ಸಕ್ಕರೆಯ ಚಿಂತೆ ಬೇಡವೇ? ಬೇಕು. ಆಫ್ರಿಕದ ಆ ಅಧ್ಯಯನದಲ್ಲಿ ಚಿಕಿತ್ಸೆ ಆರಂಭವಾದ ಮೇಲೆ ಸಕ್ಕರೆ ಕುಸಿದದ್ದು ಕ್ವಿನೈನ್ ಪಡೆದ ಮಕ್ಕಳಲ್ಲಿ ನೂರಕ್ಕೆ 2.8, ಆರ್ಟಿಸುನೇಟ್ ಪಡೆದವರಲ್ಲಿ ನೂರಕ್ಕೆ 1.8. ಕಡಿಮೆಯಾಯಿತೇ ಹೊರತು ಸೊನ್ನೆಯಾಗಲಿಲ್ಲ. ಔಷಧ ಬದಲಾಗಿದೆ, ರೋಗ ಬದಲಾಗಿಲ್ಲ. ಗ್ಲೂಕೋಸನ್ನು ಕಬಳಿಸುವ ಪರೋಪಜೀವಿ ಅದೇ, ಬರಿದಾಗುವ ಯಕೃತ್ತು ಅದೇ.

ನಮ್ಮ ನಾಡಿನ ಮಾತನ್ನೂ ಆಡಬೇಕಲ್ಲವೇ? 1990ರ ದಶಕದಿಂದ ಅನೇಕ ವರ್ಷ ಮಂಗಳೂರು ಮಲೇರಿಯಾದಿಂದ ಬಳಲಿತು. ಅಲ್ಲಿ ಹೆಚ್ಚಾಗಿ ಕಂಡದ್ದು ವೈವಾಕ್ಸ್ ಎಂಬ ಬಗೆ. ಅದಕ್ಕೆ ಸಾಮಾನ್ಯವಾಗಿ ಕೊಡುವುದು ಕ್ಲೋರೋಕ್ವಿನ್ ಮತ್ತು ಪ್ರಿಮಾಕ್ವಿನ್ ಮಾತ್ರೆಗಳನ್ನು. ಊಟ ಮಾಡುತ್ತಾ, ಓಡಾಡುತ್ತಾ ಆ ಮಾತ್ರೆ ನುಂಗುವವರು ಇಂದಿನ ಈ ಮಾತು ಕೇಳಿ ಗಾಬರಿಯಾಗಬೇಕಾಗಿಲ್ಲ. ಸಕ್ಕರೆ ಇಳಿದೀತೆಂದು ಮಾತ್ರೆಯನ್ನು ಅರ್ಧಕ್ಕೆ ಬಿಡುವುದಂತೂ ಸಲ್ಲದು. ನಾನು ಹೇಳುತ್ತಿರುವುದು ಮುಖ್ಯವಾಗಿ ತೀವ್ರ ರೋಗಕ್ಕೆ ತುತ್ತಾದವರ, ಅದರಲ್ಲೂ ಮಕ್ಕಳ ಮತ್ತು ಗರ್ಭಿಣಿಯರ ವಿಷಯ.

ನೀವು ಮಾಡಬಹುದಾದದ್ದು ಇಷ್ಟು. ಮನೆಯಲ್ಲಿ ಜ್ವರ ಬಂದವರ ರಕ್ತಪರೀಕ್ಷೆಯನ್ನು ತಡಮಾಡದೆ ಮಾಡಿಸಿ. ಮಲೇರಿಯಾ ಎಂದು ತಿಳಿದರೆ, ಬಾಯಿಗೆ ಸೇರುವಷ್ಟು ಗಂಜಿಯೋ ಪಾನಕವೋ ಕೊಡುತ್ತಿರಿ. ಮಂಪರು, ಸೆಳವು, ತಡೆಯಿಲ್ಲದ ವಾಂತಿ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಎಚ್ಚರ ತಪ್ಪಿದವರ ಬಾಯಿಗೆ ನೀರಾಗಲಿ ಸಕ್ಕರೆ ಪಾನಕವಾಗಲಿ ಹೊಯ್ಯಬೇಡಿ, ಅದು ಶ್ವಾಸಕೋಶಕ್ಕೆ ಇಳಿದೀತು. ಅವರನ್ನು ಮಗ್ಗುಲಾಗಿ ಮಲಗಿಸಿ. ಆಸ್ಪತ್ರೆಯಲ್ಲಿ ರೋಗಿಯ ಮಾತು ತೊದಲಿದರೆ, ಜ್ವರ ಇಳಿದರೂ ಎಚ್ಚರ ಬಾರದಿದ್ದರೆ, ದಾದಿಯನ್ನು ಕರೆದು ವಿನಯದಿಂದ ಕೇಳಿ: "ಸಿಸ್ಟರ್, ಇವರ ಸಕ್ಕರೆ ನೋಡಿದಿರಾ?" ಇದನ್ನು ಕೇಳಲು ಪದವಿ ಬೇಕಾಗಿಲ್ಲ, ಸಂಕೋಚವೂ ಬೇಕಾಗಿಲ್ಲ.

ಜ್ವರದ ಕಾವು ಕೈಗೆ ತಿಳಿಯುತ್ತದೆ, ಬೆವರು ಕಣ್ಣಿಗೆ ಕಾಣುತ್ತದೆ. ಸಕ್ಕರೆಯ ಕುಸಿತ ಕೈಗೂ ಸಿಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಅದನ್ನು ಅಳೆದೇ ತಿಳಿಯಬೇಕು. ನಿಮ್ಮಲ್ಲಿ ನಾಳೆ ವೈದ್ಯರಾಗುವವರು, ದಾದಿಯರಾಗುವವರು, ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಸೇವೆ ಸಲ್ಲಿಸುವವರು ಇದ್ದೀರಿ. ಮಲೇರಿಯಾ ರೋಗಿಯ ಹಾಸಿಗೆಯ ಬಳಿ ನಿಂತಾಗ ಆ ಒಂದು ಹನಿ ರಕ್ತವನ್ನು ಮರೆಯಬೇಡಿ.